ಮಂಚಕ್ಕೆ ಮೂರು ಮೆಟ್ಟಿಲು

೧೦ ಜೂನ್ ೨೦೦೭, ಭಾನುವಾರ
ಬೊಬ್ರುವಾಡ

ಅಣ್ಣ ಬಂದ. ನಾಯಿಯೂ ಬಂತು.

ಅಣ್ಣ ಬರುವುದು ಗೊತ್ತಿತ್ತು. ಮೇ ತಿಂಗಳಲ್ಲಿ ಮುಂಬೈಯಲ್ಲಿ ಅವನಿಗೆ ಹರ್ನಿಯಾ ಆಪರೇಶನ್ ಆದಾಗ ನಾನೇ ಫೋನು ಮಾಡಿ, ಮಳೆಗಾಲ ಮುಗಿಯುವ ತನಕ ಇಲ್ಲಿ ಬಂದಿರು ಎಂದಿದ್ದೆ. ಅತ್ತಿಗೆ ತೀರಿಕೊಂಡು ವರ್ಷ ಕಳೆಯಿತು, ಮಕ್ಕಳಿಲ್ಲ, ಗಂಜಿ ಬೇಯಿಸಿ ಕೊಡುವವರಿಲ್ಲ. ನಾನೂ ಶಾಲೆಯಿಂದ ನಿವೃತ್ತಳಾದ ಮೇಲೆ ಈ ಮನೆಯಲ್ಲಿ ಒಬ್ಬಳೇ. ಕೋಣೆ ಖಾಲಿ ಇದೆ. ಆದರೆ ಫೋನಿನಲ್ಲಿ ನಾಯಿಯ ಸುದ್ದಿ ಬಂದಿರಲಿಲ್ಲ.

ರಿಕ್ಷಾದವನು ಒಂದು ಬೆತ್ತದ ಬುಟ್ಟಿಯನ್ನು ಇಳಿಸಿ ಜಗಲಿಯ ಮೇಲಿಟ್ಟ. ಒಳಗಿನಿಂದ ಒಂದು ಬಿಳಿ ಮುಖ ಎದ್ದು ನನ್ನನ್ನು ನೋಡಿತು. ಹಿಂಜಿದ ಹತ್ತಿಯ ಉಂಡೆಗೆ ಯಾರೋ ಎರಡು ಕಣ್ಣು, ಒಂದು ಮೂಗು ಅಂಟಿಸಿದ ಹಾಗೆ.

"ಇದ್ರ ಹೆಸ್ರು ಬರ್ಫಿ" ಎಂದ ಅಣ್ಣ.

"ತಿನ್ನೂ ವಸ್ತುವಿನ ಹೆಸ್ರು ನಾಯಿಗಿಡೂದಾ?"

"ನಾ ಇಟ್ಟದ್ದಲ್ಲ. ಅವ್ಳು ಇಟ್ಟದ್ದು."

ಅತ್ತಿಗೆ ಇಟ್ಟ ಹೆಸರು. ನಾಯಿ ಜಗಲಿಯ ತನಕ ಎಂದು ನಾನು ಹೇಳಿದೆ. ಅದು ಹುಟ್ಟಿದಂದಿನಿಂದ ಹಾಸಿಗೆಯ ಮೇಲೇ ಮಲಗಿದ್ದು, ಹೊರಗೆ ಮಲಗಿ ಗೊತ್ತೇ ಇಲ್ಲ ಎಂದು ಅವನು ಹೇಳಿದ. ಕೊನೆಗೆ ಅವನ ಕೋಣೆಯ ತನಕ ಎಂದು ಒಪ್ಪಂದವಾಯಿತು. ಇನ್ನೊಂದು ಮಾತನ್ನೂ ಈಗಲೇ ಹೇಳಿಬಿಟ್ಟೆ: ನಾನು ನಾಯಿ ಮುಟ್ಟುವುದಿಲ್ಲ. ಮುಟ್ಟಿದರೆ ಮೀಯದೆ ದೇವರಿಗೆ ದೀಪ ಹಚ್ಚುವುದಿಲ್ಲ. ಅವ್ವ ಕಲಿಸಿದ್ದು, ಅಣ್ಣನಿಗೂ ಗೊತ್ತಿರುವುದೇ. ಮಳೆಗಾಲದಲ್ಲಿ ದಿನಕ್ಕೆ ಮೂರು ಸಲ ಮೀಯುವ ವಯಸ್ಸು ನನ್ನದಲ್ಲ.

ಮಳೆಗಾಲ ತಾನೇ. ಕಳೆಯುತ್ತದೆ.

೧೩ ಜೂನ್

ಅಣ್ಣನ ಕೋಣೆಯ ಮಂಚ ಎತ್ತರದ್ದು. ಅಡಿಯಲ್ಲಿ ಅಕ್ಕಿಯ ಡಬ್ಬಗಳು, ಮಳೆಗಾಲದ ತೆಂಗಿನಕಾಯಿ ಎಲ್ಲ ಹಿಡಿಯಲಿ ಎಂದೇ ಹಾಗೆ ಮಾಡಿಸಿದ್ದೆ. ನಾಯಿಗೆ ಅದು ಗುಡ್ಡ. ಇಂದು ಮಧ್ಯಾಹ್ನ ನಾಲ್ಕು ಹೆಜ್ಜೆ ಹಿಂದೆ ಹೋಗಿ, ಓಡಿ ಬಂದು ಹಾರಿತು. ಎದೆ ಮಂಚದ ಅಂಚಿಗೆ ಬಡಿದು ಕೆಳಗೆ ಬಿತ್ತು. ಕೂಗಿದ್ದು ಕೇಳಿ ನಾನು ಅಡುಗೆಮನೆಯಿಂದ ಹೋಗಿ ನೋಡಿದರೆ, ಅಣ್ಣ ಬಗ್ಗಿ ಅದನ್ನು ಎತ್ತಿಕೊಂಡಿದ್ದಾನೆ. ಎತ್ತಿದವನು ಹೊಟ್ಟೆ ಹಿಡಿದುಕೊಂಡು ಗೋಡೆಗೆ ಒರಗಿದ್ದಾನೆ.

"ಹೊಲಿಗೆ ಬಿಚ್ಚಿದ್ರೆ ಯಾರನ್ನ ಕರೀಲಿ ನಾನು?" ಎಂದೆ.

"ಇನ್ನು ಎತ್ತೂದಿಲ್ಲ."

ಎತ್ತಲಿಲ್ಲ. ಚಾಪೆ ಹಾಸಿ ನಾಯಿಯ ಪಕ್ಕ ನೆಲದ ಮೇಲೆಯೇ ಮಲಗಿದ. ಈ ಸಿಮೆಂಟಿನ ನೆಲ ಮಳೆ ಹಿಡಿದರೆ ಬೆವರುತ್ತದೆ, ಒರೆಸಿದಷ್ಟೂ ಒದ್ದೆ. ಅಣ್ಣನಿಗೆ ಚಿಕ್ಕಂದಿನಿಂದ ದಮ್ಮು.

೧೪ ಜೂನ್

ಇಂದೂ ನೆಲ. ಬೆಳಿಗ್ಗೆ ಅವನ ಎದೆಯೊಳಗೆ ಪೀಪಿ ಊದಿದ ಸದ್ದು.

೧೮ ಜೂನ್

ಇಂದು ಇಬ್ಬರು ಡಾಕ್ಟರನ್ನು ನೋಡಿದ್ದಾಯಿತು.

ಮೊದಲು ಅಂಕೋಲೆಯ ದನದ ಡಾಕ್ಟರು. ಎಮ್ಮೆಗಳ ನಡುವೆ ಬೆತ್ತದ ಬುಟ್ಟಿ ಹಿಡಿದುಕೊಂಡು ಕೂತಿದ್ದೆವು. ಬುಟ್ಟಿ ರಿಕ್ಷಾದವನು ಹೊತ್ತು ತಂದದ್ದು. ಡಾಕ್ಟರು ನಾಯಿಯ ಹಿಂಗಾಲು ಹಿಡಿದು ಮಡಚಿ ನೋಡಿದರು. ಪ್ರಾಯ ಆಗಿದೆ, ಸೊಂಟದ ಕೀಲು ಸವೆದಿದೆ, ಹಾರಲು ಬಿಡಬೇಡಿ, ಎತ್ತಿ ಇಡಿ ಎಂದರು. ಅಣ್ಣ ನನ್ನ ಮುಖ ನೋಡಿದ. ನಾನು ಕಿಟಕಿಯಿಂದ ಹೊರಗೆ ನೋಡಿದೆ. ಅಲ್ಲಿ ಒಂದು ಹೋರಿ ನಿಂತಿತ್ತು, ಅದೂ ನನ್ನನ್ನೇ ನೋಡುತ್ತಿತ್ತು.

ಆಮೇಲೆ ಅಣ್ಣನ ಡಾಕ್ಟರು. ಭಾರ ಎತ್ತಬೇಡಿ, ನೆಲದ ಮೇಲೆ ಮಲಗಬೇಡಿ. ನಾಯಿಯನ್ನು ಎತ್ತುವವರು ಯಾರು ಎಂಬುದನ್ನು ಮಾತ್ರ ಇಬ್ಬರೂ ಹೇಳಲಿಲ್ಲ.

ಮೀನು ಮಾರುವ ಕಾಮಿ ಬಂದಾಗ ಅವಳಿಗೂ ಈ ಕಥೆ ಹೇಳಿದೆ. ಅವಳು ಮಂಜಗುಣಿಯವಳು, ಬುಟ್ಟಿ ಇಳಿಸಿದರೆ ಊರಿನ ಸುದ್ದಿಯೂ ಇಳಿಯುತ್ತದೆ. ಜಗಲಿಯ ಮೇಲಿದ್ದ ನಾಯಿಯನ್ನು ನೋಡಿ, "ಅಕ್ಕೋರೆ, ಇದು ಒಂದ್ ಬುಟ್ಟಿ ಬಂಗಡೆಯಷ್ಟೂ ಭಾರ ಇಲ್ಲ. ಎತ್ತಿ ಇಟ್ರೆ ಎಂತ ಕೈ ಸವೀತದ್ಯಾ?" ಎಂದಳು.

"ನೀ ಮೀನು ಕೊಡು" ಎಂದೆ.

೨೩ ಜೂನ್

ಈ ವಾರ ನಾನು ಎಂಜಿನಿಯರ್ ಆದೆ.

ಮೊದಲು ಊಟಕ್ಕೆ ಕೂರುವ ಮಣೆಗಳನ್ನು ಒಂದರ ಮೇಲೊಂದು ಪೇರಿಸಿ ಮಂಚದ ಪಕ್ಕ ಇಟ್ಟೆ. ನಾಯಿ ಮೂಸಿ, ಮುಂಗಾಲು ಇಟ್ಟು, ಹಿಂಗಾಲು ಎಳೆದುಕೊಂಡಿತು. ಮೇಲಿನ ಮಣೆ ಜಾರಿತು. ನಾಯಿ, ಮಣೆ, ಅಕ್ಕಿ ಡಬ್ಬದ ಮುಚ್ಚಳ ಮೂರೂ ಒಟ್ಟಿಗೆ ಸದ್ದು ಮಾಡಿದವು. ಎರಡನೆಯ ಸಲ ಗೋಣಿಚೀಲಕ್ಕೆ ಭತ್ತದ ಹೊಟ್ಟು ತುಂಬಿ ಹೊಲಿದು ಇಟ್ಟೆ. ನಾಯಿ ಅದರ ಮೇಲೆ ಹತ್ತಿತು. ಮೂರು ಸುತ್ತು ಸುತ್ತಿ ಅಲ್ಲೇ ಮಲಗಿತು. ಚೀಲದ ಪಕ್ಕ ಅಣ್ಣನೂ ಮಲಗಿದ.

ಒಬ್ಬ ಗಂಡಸು ಒಂದು ನಾಯಿಗಾಗಿ ಹೀಗೆ ನೆಲ ಹಿಡಿಯುವುದನ್ನು ನಾನು ಎಲ್ಲೂ ಕಂಡಿಲ್ಲ. ಕೂತಲ್ಲಿ ಕೂರಲಾಗುವುದಿಲ್ಲ ನನಗೆ. ಒಗೆದ ಬಟ್ಟೆಯನ್ನೇ ಇನ್ನೊಮ್ಮೆ ಒಗೆದೆ.

೨ ಜುಲೈ

ಬೆಳಿಗ್ಗೆ ಅಣ್ಣನ ತುಟಿ ನೀಲಿಯಾಗಿತ್ತು. ಚಹಾದ ಲೋಟ ಹಿಡಿಯಲೂ ಅವನಿಗೆ ಉಸಿರು ಸಾಲಲಿಲ್ಲ. ಗಾಡಿ ಮಾಡಿಸಿ ಕಾರವಾರದ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಮೂಗಿಗೆ ಮುಖವಾಡ ಹಾಕಿ ಹೊಗೆಯಂಥ ಔಷಧಿ ಕೊಟ್ಟರು. ಡಾಕ್ಟರು ನನ್ನನ್ನು ಹೊರಗೆ ಕರೆದು, "ಇನ್ನೊಂದು ಸಲ ಹೀಗಾದರೆ ದಾರಿಯಲ್ಲೇ ಏನಾದರೂ ಆಗಬಹುದು. ಒಣಗಿದ ಜಾಗದಲ್ಲಿ, ಎತ್ತರದಲ್ಲಿ ಮಲಗಿಸಿ" ಎಂದರು.

ಸಂಜೆ ಬಸ್ಸಿನಲ್ಲಿ ಬಂದೆವು. ಬಸ್ಸು ಬಿಣಗಾ ಘಟ್ಟ ಏರಿತು. ಸಮುದ್ರ ಕಂಡಾಗ ಅಣ್ಣ ಕಿಟಕಿಯ ಕಡೆ ಮುಖ ಮಾಡಿಕೊಂಡು ಹೇಳಿದ:

"ಅದು ಅವ್ಳ ಬದೀಲಿ ಮಲಗ್ತದೆ ದುರ್ಗೀ. ಅವ್ಳು ಹೋದ ಮೇಲೂ ಅಲ್ಲೇ. ಅದಿಲ್ದಿದ್ರೆ ಹಾಸಿಗೆ ಆ ಬದಿ ಖಾಲಿ ಕಾಣ್ತದೆ. ಕಣ್ಣು ಮುಚ್ಚೂಕೆ ಆಗೂದಿಲ್ಲ."

ಅತ್ತಿಗೆಯ ಬಗ್ಗೆ ಅವನು ಇಷ್ಟು ಮಾತಾಡಿದ್ದು ಇದೇ ಮೊದಲು. ಅವರ್ಸೆ ಊರು ಬಂತು. "ಮಫ್ಲರ್ ಸರಿ ಕಟ್ಟಿಕೋ" ಎಂದೆ.

೫ ಜುಲೈ

ಮಂಜಗುಣಿಗೆ ಹೋಗಿ ಬಂದೆ. ಅಲ್ಲಿ ರಾಮಾ ಇದ್ದಾನೆ, ದೋಣಿಯ ಕೆಲಸದವನು. ಮೊದಲ ಇಯತ್ತೆಯಿಂದ ನಾಲ್ಕನೆಯ ತನಕ ನನ್ನ ಕೈಯಲ್ಲೇ ಕಲಿತವನು. ಈಗ ಅವನ ಮೀಸೆಯೇ ಬೆಳ್ಳಗಾಗುತ್ತಿದೆ. ಮಳೆಗಾಲಕ್ಕೆ ಮೇಲೆಳೆದ ದೋಣಿಗಳ ನಡುವೆ, ತೆಂಗಿನ ಮಡಲಿನ ಮಾಡಿನಡಿ ಕೂತು ಹಲಗೆ ಕೆತ್ತುತ್ತಿದ್ದ. ನನ್ನನ್ನು ಕಂಡು ಎದ್ದು ನಿಂತ, ಬೀಡಿಯನ್ನು ಬೆನ್ನ ಹಿಂದೆ ಅಡಗಿಸಿದ.

ಮಂಚಕ್ಕೆ ಹತ್ತುವ ಮೆಟ್ಟಿಲು ಬೇಕು ಎಂದೆ.

"ಯಾರಿಗ್ರಾ ಅಕ್ಕೋರೆ?"

"ನಾಯಿಗೆ."

ಅವನು ಕಿವಿಯಲ್ಲಿದ್ದ ಪೆನ್ಸಿಲು ತೆಗೆದು, ನೋಡಿ, ಮತ್ತೆ ಕಿವಿಗೇ ಇಟ್ಟುಕೊಂಡ. "ನಾ ಬೊಬ್ರುವಾಡದ ಅಕ್ಕೋರ ಕೈಯಲ್ಲಿ ಕಲ್ತವ, ನಾಯಿಗೆ ಮೆಟ್ಲು ಮಾಡ್ದೆ ಅಂದೇಳಿ ದೋಣಿಯವರಿಗೆ ಗೊತ್ತಾದ್ರೆ ನನ್ನ ದೋಣಿ ನಿಲ್ಲೂ ದಕ್ಕೆಗೆ ಹತ್ತಿಸೂದಿಲ್ಲ."

"ನಾಯಿಗೆ ಅಂತ ಯಾಕೆ ಹೇಳ್ತೆ? ನಮ್ಮಣ್ಣನ ಉಸಿರಿಗೆ ಅಂತ ಹೇಳು."

ಆಗ ಅವನು ನಗುವುದನ್ನು ನಿಲ್ಲಿಸಿದ. ಎತ್ತರ, ಅಗಲ ಕೇಳಿಕೊಂಡ. ಮೂರು ಮೆಟ್ಟಿಲು ಸಾಕೆಂದಾಯಿತು. ಹೊರಡುವಾಗ ನಾನೇ ಹೇಳಿದೆ: "ಈ ಮಳೆಗೆ ಬೂಸು ಹಿಡೀಬಾರ್ದು. ನಿನ್ನ ದೋಣಿಗೆ ಎಂತ ಬಳೀತೆಯೋ ಅದನ್ನೇ ಬಳಿ. ಎರಡು ಕೈ ಹೆಚ್ಚೇ ಬಳಿ."

೧೧ ಜುಲೈ

ದೋಣಿಗೆ ಬಳಿಯುವುದು ಮೀನೆಣ್ಣೆ.

ಈ ಕರಾವಳಿಯಲ್ಲಿ ಹುಟ್ಟಿ ಬೆಳೆದವಳು ನಾನು. ಹೊಳೆಯ ದಂಡೆಗೆ ಹೋದಾಗಲೆಲ್ಲ ಆ ವಾಸನೆ ಕುಡಿದವಳು. ಹೇಳುವಾಗ ನೆನಪಾಗಲಿಲ್ಲ. ರಾಮಾ ಹೇಳಿದ ಮಾತು ಮೀರುವವನಲ್ಲ. ಎರಡು ಕೈ ಹೆಚ್ಚೇ ಬಳಿದಿದ್ದಾನೆ.

ರಿಕ್ಷಾದಿಂದ ಮೆಟ್ಟಿಲು ಇಳಿಯುವ ಮೊದಲೇ ಬೀದಿಯ ಬೆಕ್ಕುಗಳು ಬಂದವು. ನಮ್ಮ ಓಣಿಯಲ್ಲಿ ಇಷ್ಟು ಬೆಕ್ಕುಗಳಿವೆ ಎಂದು ನನಗೆ ಗೊತ್ತಿರಲಿಲ್ಲ. ಕೋಣೆಯೊಳಗೆ ಇಟ್ಟ ಕೂಡಲೇ ನಾಯಿ ಕೆಳಗಿನ ಮೆಟ್ಟಿಲನ್ನು ನೆಕ್ಕಲು ಶುರು ಮಾಡಿತು. ಹತ್ತುವ ಯೋಚನೆಯೇ ಇಲ್ಲ. ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ, ಕಾಪಿ ಬರೆಯುವ ಮಗುವಿನ ಹಾಗೆ ಶ್ರದ್ಧೆಯಿಂದ ನೆಕ್ಕಿತು. ಕಿಟಕಿಯಲ್ಲಿ ಬೆಕ್ಕುಗಳು ಸಾಲಾಗಿ ಕೂತು ತಮ್ಮ ಪಾಳಿಗೆ ಕಾದವು.

ಕಾಮಿ ಬಾಗಿಲಲ್ಲಿ ನಿಂತು, "ಅಕ್ಕೋರೆ, ನಾ ಬುಟ್ಟಿ ತಕಂಡಿ ಮನೆಗ್ ಹೋಗ್ತೆ. ನಿಮ್ಮನೇಲೇ ಮೀನಿನ ಪೇಟೆ ಆಗದೆ" ಎಂದಳು.

ಅಣ್ಣ ನಕ್ಕ. ನಿಜವಾಗಿ ನಕ್ಕ, ಹೊಟ್ಟೆ ಹಿಡಿದುಕೊಂಡು, ಚಿಕ್ಕವನಿದ್ದಾಗ ನಗುತ್ತಿದ್ದ ಹಾಗೆಯೇ ಕಣ್ಣಲ್ಲಿ ನೀರು ಬರುವ ತನಕ. ಆಮೇಲೆ ಆ ನಗು ಕೆಮ್ಮಾಯಿತು. ಕೆಮ್ಮು ನಿಲ್ಲಲಿಲ್ಲ. ಆ ವಾಸನೆ ಅವನ ಎದೆಗೆ ಆಗುವುದಿಲ್ಲ.

ಮೆಟ್ಟಿಲನ್ನು ಅಂಗಳಕ್ಕೆ ಎಳೆದು ಹಾಕಿದೆ. ನನ್ನದೇ ತಪ್ಪು. ಯಾರ ಮೇಲೆ ಸಿಟ್ಟು ಮಾಡಲಿ?

೧೭ ಜುಲೈ

ಬೂದಿ, ಅಂಟುವಾಳ, ಬಿಸಿನೀರು. ತಿಕ್ಕಿದ್ದೇ ತಿಕ್ಕಿದ್ದು. ಒಲೆಯ ಪಕ್ಕ ಒಣಗಿಸಿ ಇಂದು ಒಳಗೆ ತಂದೆ. ವಾಸನೆ ಹೋಗಿದೆ. ಈಗ ನಾಯಿ ಅದನ್ನು ಕಣ್ಣೆತ್ತಿಯೂ ನೋಡುವುದಿಲ್ಲ.

೨೨ ಜುಲೈ

ಮೊದಲ ಮೆಟ್ಟಿಲು ಹತ್ತಿತು.

ಮೂವತ್ತು ವರ್ಷ ಮಕ್ಕಳಿಗೆ ಕಲಿಸಿದವಳಿಗೆ ಒಂದು ನಾಯಿಗೆ ಕಲಿಸಲು ಬರುವುದಿಲ್ಲವೇ ಎಂದು ಹಟ ಹುಟ್ಟಿತ್ತು. ದೋಣಿಯ ಹಲಗೆಯ ಹಾಗೆ ನುಣ್ಣಗೆ ಕೆತ್ತಿದ್ದರಿಂದ ಅದರ ಉಗುರು ಜಾರುತ್ತಿತ್ತು. ನನ್ನ ಹಳೆಯ ಗೋದಡಿಯನ್ನು ಕತ್ತರಿಸಿ ಮೂರು ಮೆಟ್ಟಿಲಿಗೂ ಮೊಳೆ ಹೊಡೆದೆ. ಒಣ ಶೆಟ್ಲಿ ಸೀಗಡಿಯನ್ನು ಹುರಿದು ಮೊದಲ ಮೆಟ್ಟಿಲ ಮೇಲೆ ಎಸೆದೆ. ಕೈಯಿಂದ ಕೊಡಲಿಲ್ಲ, ದೂರದಿಂದಲೇ ಎಸೆದೆ.

ಸುಮ್ಮನೆ ಕರೆದರೆ ಅದು ಬರುವುದಿಲ್ಲ. ಶಾಲೆಯ ಅಭ್ಯಾಸ, ನನ್ನ ಬಾಯಿಗೆ ಕಥೆಯೇ ಬಂತು. ಒಬ್ಬಳು ಮುದುಕಿ, ಅವಳಿಗೊಂದು ಕೋಳಿ. ಆ ಕೋಳಿಗೆ ಮುದುಕಿಯ ಗುಡಿಸಲಲ್ಲಿ ಮೊಟ್ಟೆ ಇಡಲು ಮನಸ್ಸಿಲ್ಲ. ಅರಮನೆಯಲ್ಲೇ ಇಡುತ್ತೇನೆ ಎಂದು ಒಂದು ಬೆಳಿಗ್ಗೆ ಹೊರಟಿತು. ನನ್ನ ದನಿ ಇಳಿದ ಕಡೆ ನಾಯಿ ಕಿವಿ ನಿಮಿರಿಸುತ್ತದೆ, ಏರಿದ ಕಡೆ ಒಂದು ಕಾಲು ಮುಂದಿಡುತ್ತದೆ. ಕೋಳಿ ಅರಮನೆಯ ಬಾಗಿಲಿಗೆ ಬರುವ ಹೊತ್ತಿಗೆ ನಾಯಿ ಮೊದಲ ಮೆಟ್ಟಿಲ ಮೇಲಿತ್ತು.

"ಮತ್ತೆಂತಾಯ್ತು?" ಎಂದ ಅಣ್ಣ. ಅವನು ನಿದ್ದೆ ಮಾಡಿದ್ದಾನೆಂದುಕೊಂಡಿದ್ದೆ.

"ಎರಡನೇ ಮೆಟ್ಲು ಹತ್ತಿದ ಮೇಲೆ ಹೇಳ್ತೆ."

"ನಾಯಿಗೆ ಹೇಳೂದು ಬೇಡ, ನಂಗೆ ಹೇಳು."

ಹೇಳಲಿಲ್ಲ.

೩೦ ಜುಲೈ

ಎರಡನೆಯದರ ಮೇಲೆ ನಿಂತು ಹಿಂದೆ ನೋಡಿ ಹೆದರಿ ಇಳಿಯಿತು. ಅರಮನೆಯ ಕಾವಲುಗಾರ ಕೋಳಿಯನ್ನು ಅಟ್ಟಿದ. ಅಣ್ಣ ಅನ್ನ ಬಿಟ್ಟು ಎದ್ದ. ಹೊಟ್ಟಿನ ಚೀಲದ ಮೇಲೆ ಕೂತೇ ಬೆಳಗು ಮಾಡುತ್ತಾನೆ, ಮಲಗಿದರೆ ಉಸಿರು ಕಟ್ಟುತ್ತದಂತೆ. ಮಳೆ ಬಿಡುವುದಿಲ್ಲ. ನಾನು ಇಡೀ ದಿನ ಒಳಗೆ ಹೊರಗೆ ನಡೆದೆ.

೫ ಆಗಸ್ಟ್, ಭಾನುವಾರ

ಹತ್ತಿತು. ಒಂದು, ಎರಡು, ಮೂರು, ಮಂಚ. ಹತ್ತಿ, ಅತ್ತಿಗೆಯ ಬದಿಗೆ ಹೋಗಿ, ಸುತ್ತಿ ಮಲಗಿತು. ಅಣ್ಣ ಚಾಪೆ ಸುತ್ತಿ ಮೂಲೆಗಿಟ್ಟು, ಮಂಚದ ಮೇಲೆ ತನ್ನ ಬದಿಯಲ್ಲಿ ಮೈ ಚಾಚಿದ.

"ಈಗ ಹೇಳು" ಎಂದ.

ಹೇಳಿದೆ. ರಾಜ ಆ ಕೋಳಿಯನ್ನು ನೋಡಿ, ಪಾಪ ಎಲ್ಲಿ ಇಡುತ್ತದೆ ಎಂದು, ತನ್ನ ಕಿರೀಟ ತೆಗೆದು ಮಗುಚಿ ಇಟ್ಟ. ಕೋಳಿ ಅದರೊಳಗೆ ಮೊಟ್ಟೆ ಇಟ್ಟು ಕಾವು ಕೂತಿತು. ಕಾವು ಕೂತ ಕೋಳಿಯನ್ನು ಎಬ್ಬಿಸಬಾರದು.

"ಮತ್ತೆ ರಾಜ?"

"ಬರಿದಲೆಯಲ್ಲೇ ರಾಜ್ಯ ಆಳಿದ."

ಅವನು ಕೇಳಿದನೋ ಇಲ್ಲವೋ. ನೋಡುವಾಗ ನಿದ್ದೆ ಹತ್ತಿತ್ತು. ಎದೆಯ ಪೀಪಿ ಸಣ್ಣಗಾಗಿದೆ.

೧೮ ಆಗಸ್ಟ್, ನಾಗರ ಪಂಚಮಿ

ಅರಿಶಿನದೆಲೆಯ ಕಡುಬು ಮಾಡಿದ್ದೆ. ಅಣ್ಣ ಕೇಳಿ ಕೇಳಿ ಹಾಕಿಸಿಕೊಂಡ. ಮುಖದಲ್ಲಿ ರಕ್ತ ಬಂದಿದೆ. ದಮ್ಮು ಬಾರದೆ ಎರಡು ವಾರ ಆಗುತ್ತ ಬಂತು. ಬಾಳೆ ಎಲೆ ಎತ್ತುವಾಗ ಹೇಳಿದ:

"ಚೌತಿ ಮುಗಿಸ್ಕಂಡಿ ಹೋಗ್ತೆ ದುರ್ಗೀ. ಮುಂಬೈ ಬಂದರಿನ ಗೋದಿಯಲ್ಲಿ ನನ್ನ ಸಂಗಡ ಕೆಲ್ಸ ಮಾಡಿದ ದೋಸ್ತ ಒಬ್ಬ ಡೊಂಬಿವಲಿಯಲ್ಲಿ ಖೋಲಿ ನೋಡಿದಾನೆ. ಕೆಳ ಮಾಳಿಗೆಯದೇ. ಇನ್ನೂ ಎಷ್ಟಂತ ನಿಂಗೆ ತ್ರಾಸು ಕೊಡೂದು?"

"ಒಳ್ಳೇದಾಯ್ತಲ್ಲ" ಎಂದೆ.

ಮಳೆಗಾಲದ ತನಕ ಎಂದೇ ತಾನೆ ಮಾತಾಗಿದ್ದು. ಮಂಚದ ಅಡಿಯಿಂದ ಡಬ್ಬಗಳನ್ನೆಲ್ಲ ಹೊರಗೆಳೆದು ಒರೆಸಿದೆ. ಅಕ್ಕಿಯನ್ನು ಒಂದು ಡಬ್ಬದಿಂದ ಇನ್ನೊಂದಕ್ಕೆ ಸುರಿದೆ, ಆಮೇಲೆ ಮೊದಲಿನದಕ್ಕೇ ಸುರಿದೆ. ತೆಂಗಿನಕಾಯಿ ಕುಲುಕಿ ನೋಡಿದೆ. ಕಡುಬಿಗೆ ಬೆಲ್ಲ ಹೆಚ್ಚಾಗಿತ್ತು ಎಂದು ಕಾಣುತ್ತದೆ, ಬಾಯೆಲ್ಲ ಕಹಿ.

೨೮ ಆಗಸ್ಟ್

ಅಣ್ಣ ಕಾರವಾರಕ್ಕೆ ಹೋಗಿ ರೈಲಿನ ಟಿಕೆಟು ಮಾಡಿಸಿಕೊಂಡು ಬಂದ. ಮುಂದಿನ ತಿಂಗಳ ಇಪ್ಪತ್ತೈದಕ್ಕೆ. ಮೆಟ್ಟಿಲನ್ನೂ ಗೋಣಿಯಲ್ಲಿ ಕಟ್ಟಿ ಒಯ್ಯುತ್ತಾನಂತೆ. ಅಲ್ಲಿ ನಾಯಿಯನ್ನು ಎತ್ತಿ ಇಡುವವರು ಯಾರೂ ಇಲ್ಲ, ಹೊಸತು ಮಾಡಿಸಿದರೆ ಅದು ಹತ್ತುತ್ತದೆಂದು ನಂಬಿಕೆ ಇಲ್ಲ.

"ಅದು ಕಲ್ತದ್ದು ಇದ್ರ ಮೇಲೇ ಅಲ್ದಾ?" ಎಂದ.

ಹೌದು. ಕಲಿಸಿದ್ದು ಯಾರು ಎಂದು ನಾನು ಕೇಳಲಿಲ್ಲ.

ಬರ್ಫಿ ಈಗ ದಿನಕ್ಕೆ ನಾಲ್ಕೈದು ಸಲ ಸುಮ್ಮನೆ ಹತ್ತಿ ಇಳಿಯುತ್ತದೆ, ನಮಗೆ ತೋರಿಸಲೆಂದೇ.

೩ ಸೆಪ್ಟೆಂಬರ್

ಮೇಲಿನ ಮೆಟ್ಟಿಲು ಅಲ್ಲಾಡುತ್ತದೆ.

ಬೆಳಿಗ್ಗೆ ಕೋಣೆ ಗುಡಿಸುವಾಗ ನನಗೆ ಹಾಗೆ ಅನಿಸಿತು. ಅಣ್ಣನಿಗೆ ಹೇಳಿದೆ. ಅವನು ಕೈಯಿಂದ ಒತ್ತಿ ನೋಡಿದ. ಆಮೇಲೆ ಗೋಡೆ ಹಿಡಿದುಕೊಂಡು ತಾನೇ ಹತ್ತಿ ನಿಂತ.

"ಎಲ್ಲಿ ಅಲ್ಲಾಡ್ತದೆ?"

"ನೀ ನಿಂತ್ರೆ ಅಲ್ಲಾಡೂದಿಲ್ಲ. ಅದು ಹತ್ತಿದ್ರೆ ಅಲ್ಲಾಡ್ತದೆ."

"ನನ್ನ ಭಾರಕ್ಕೆ ಅಲ್ಲಾಡದ್ದು ಅದ್ರ ಭಾರಕ್ಕೆ ಅಲ್ಲಾಡ್ತದ್ಯಾ?"

"ರೈಲಲ್ಲಿ ಹೋಗೂ ವಸ್ತು. ಬಿಗಿ ಮಾಡಿಸಿಬಿಟ್ರೆ ನಿಶ್ಚಿಂತೆ" ಎಂದೆ.

ರಿಕ್ಷಾ ಮಾಡಿಕೊಂಡು ನಾನೇ ಮಂಜಗುಣಿಗೆ ಒಯ್ದೆ. ರಾಮಾ ಮೆಟ್ಟಿಲನ್ನು ಬುಡಮೇಲು ಮಾಡಿ, ಸುತ್ತಿಗೆಯಿಂದ ತಟ್ಟಿ, ನನ್ನನ್ನು ನೋಡಿದ. "ಅಕ್ಕೋರೆ, ಇದ್ರ ಮೇಲೆ ಆನೆ ಹತ್ತಿಸಿ ಬೇಕಾದ್ರೆ."

"ನಿಂಗೆ ಗೊತ್ತಾಗೂದಿಲ್ಲ. ಇರ್ಲಿ ಇ‍ಲ್ಲೇ. ಅವಸರ ಇಲ್ಲ. ನಿನ್ನ ದೋಣಿ ಕೆಲ್ಸ ಎಲ್ಲ ಮುಗೀಲಿ. ದೀಪಾವಳಿ ಆದ್ರೂ ಅಡ್ಡಿಲ್ಲ."

"ದೀಪಾವಳಿಯಾ?"

"ಕೆಲ್ಸ ಚೊಕ್ಕ ಆಗ್ಬೇಕು" ಎಂದೆ. ಇದು ನಾನು ಮಕ್ಕಳಿಗೆ ಯಾವಾಗಲೂ ಹೇಳುತ್ತಿದ್ದ ಮಾತೇ.

ಮನೆಗೆ ಬರುವಾಗ ಹೊತ್ತು ಮುಳುಗುತ್ತಿತ್ತು. ಅಣ್ಣ ಮೂಲೆಯ ಚಾಪೆ ತಂದು ನೆಲಕ್ಕೆ ಬಿಡಿಸುತ್ತಿದ್ದ. ಡಾಕ್ಟರು ಹೇಳಿದ್ದನ್ನು ಇಷ್ಟು ಬೇಗ ಮರೆತನೇ? ಬೇರೆ ದಾರಿ ಇರಲಿಲ್ಲ. ಸೆರಗು ಸಿಕ್ಕಿಸಿಕೊಂಡು ಬರ್ಫಿಯನ್ನು ಎತ್ತಿ ಮಂಚದ ಮೇಲಿಟ್ಟೆ. ಒಳಗೆ ಎಲುಬೇ ಇಲ್ಲವೇನೋ ಎನ್ನುವಷ್ಟು ಹಗುರ. ಅದರ ಎದೆ ನನ್ನ ಅಂಗೈಯಲ್ಲಿ ಹೊಡೆದುಕೊಳ್ಳುತ್ತಿತ್ತು.

ಅಣ್ಣ ಚಾಪೆ ಹಿಡಿದುಕೊಂಡೇ ನಿಂತಿದ್ದ. "ನೋಡೂದೆಂತ? ಮಲಗು" ಎಂದೆ.

ತಲೆಯ ಮೇಲೆ ನೀರು ಹಾಕಿಕೊಂಡು ಬಂದು ದೀಪ ಹಚ್ಚಿದೆ.

೯ ಸೆಪ್ಟೆಂಬರ್

ಬೆಳಿಗ್ಗೆ ಇಳಿಸಬೇಕು, ಮಧ್ಯಾಹ್ನ ಹತ್ತಿಸಬೇಕು, ಸಂಜೆ ಇನ್ನೊಮ್ಮೆ. ಬರ್ಫಿಗೆ ಸಮಯ ಗೊತ್ತು, ಮಂಚದ ಬುಡದಲ್ಲಿ ನಿಂತು ಅಡುಗೆಮನೆಯ ಕಡೆ ನೋಡಿ ಒಂದೇ ಸಲ ಕೂಗುತ್ತದೆ. ನೆಗಡಿ ಹಿಡಿದಿದೆ ನನಗೆ. ಇಂದು ಕೈಕಾಲು ತೊಳೆದು ದೀಪ ಹಚ್ಚಿದೆ.

೧೫ ಸೆಪ್ಟೆಂಬರ್, ಚೌತಿ

ಹಬ್ಬ ಆಯಿತು. ಊಟ ಮಾಡುವಾಗ ಅಣ್ಣ ಮೆಟ್ಟಿಲಿನ ಸುದ್ದಿ ತೆಗೆದ. ಇನ್ನು ಹತ್ತು ದಿನಕ್ಕೆ ರೈಲು, ಮೆಟ್ಟಿಲು ಬಾರದೆ ತಾನು ಹೊರಡುವ ಹಾಗಿಲ್ಲ.

"ಹಬ್ಬದಲ್ಲಿ ಯಾರು ಕೆಲ್ಸ ಮಾಡ್ತಾರೆ?" ಎಂದೆ.

"ನಾನೇ ಒಂದು ದಿನ ಹೋಗಿ ತರ್ತೆ."

"ನಿಂಗೆ ಭಾರ ಎತ್ತಲಾಗ."

"ನೋಡಿ ಬರ್ತೆ, ಎತ್ತೂದಿಲ್ಲ."

ಪಾಯಸ ಬಡಿಸುವುದನ್ನೇ ಮರೆತಿದ್ದೆ. ಅವನು ಎದ್ದ ಮೇಲೆ ನೆನಪಾಯಿತು.

೧೯ ಸೆಪ್ಟೆಂಬರ್

ಅಣ್ಣ ಹೋದ. ಕೊಡೆ ಹಿಡಿದುಕೊಂಡು, ಬೆಳಗಿನ ಬಸ್ಸಿಗೇ ಮಂಜಗುಣಿಗೆ ಹೋದ.

ಬೇಳೆ ಸೀದು ಹೋಯಿತು. ಪಡಸಾಲೆ ಎರಡು ಸಲ ಗುಡಿಸಿದೆ. ಗೇಟಿನ ತನಕ ಹೋದೆ, ಬಂದೆ. ರಾಮಾ ಬಾಯಿ ಬಿಡುವವನು ಎಂದು ಶಾಲೆಯಲ್ಲೇ ಗೊತ್ತಿತ್ತು. ಯಾರು ಪಾಟಿ ಒಡೆದದ್ದು ಎಂದು ಕೇಳಿದರೆ ಕೇಳದವರ ಹೆಸರನ್ನೂ ಸೇರಿಸಿ ಹೇಳುತ್ತಿದ್ದ. ಮಳೆ ನಿಂತಿದೆ. ಬಿಸಿಲು ಬಿದ್ದ ಅಂಗಳವನ್ನು ನೋಡಿದರೆ ಕಣ್ಣು ಕುಕ್ಕುತ್ತದೆ. ಬರ್ಫಿಯೂ ನನ್ನ ಹಿಂದೆ ಗೇಟಿಗೆ ಬಂದು, ನನ್ನ ಹಿಂದೆಯೇ ವಾಪಸು ಬಂತು. ಅದಕ್ಕೆ ಬುದ್ಧಿ ಹೇಳಿದೆ, ಈ ಪ್ರಾಯದಲ್ಲಿ ಹೀಗೆ ತಿರುಗಬಾರದು, ಕೀಲು ನೋಯುತ್ತದೆ ಎಂದು.

ಬಸ್ಸು ಬಂದದ್ದು ಸಂಜೆ. ಅಣ್ಣ ಬರಿಗೈಯಲ್ಲಿ ಇಳಿದ. ಚಪ್ಪಲಿ ಬಿಟ್ಟು, ಕಾಲು ತೊಳೆದು, ಚಹಾ ಕುಡಿದು ಮುಗಿಸಿದ.

"ರಾಮಾ ಇನ್ನೂ ಕೈಯೇ ಹಚ್ಚಲಿಲ್ಲ ಮಾರಾಯ್ತಿ" ಎಂದ. "ದೋಣಿ ಕೆಲ್ಸ ರಾಶಿ ಅದೆ. ದೀಪಾವಳಿ ಆಗ್ತದಂತೆ."

ನಾನು ರಾಮಾನಿಗೆ ಬೈದೆ. ಮಾತು ಕೊಟ್ಟರೆ ಉಳಿಸಿಕೊಳ್ಳಬೇಡವೇ, ಶಾಲೆಯಲ್ಲಿ ಕಲಿಸಿದ್ದೆಲ್ಲ ಹೊಳೆಗೆ ಹೋಯಿತೇ ಎಂದೆ.

"ಬೈಬೇಡ" ಎಂದ ಅಣ್ಣ. "ಪಾಪ, ಅವ ಹೇಳಿದ ಹಾಗೆ ಕೇಳೂ ಜನ."

೨೧ ಸೆಪ್ಟೆಂಬರ್

ಕಾಮಿ ಬುಟ್ಟಿ ಇಳಿಸಿದವಳೇ, "ಅಕ್ಕೋರೆ, ನಿಮ್ಮ ಮೆಟ್ಲು ರಾಮನ ಜಗಲೀಲಿ ಕೋಳಿ ಕೂರೂಕೆ ಆಗದೆ, ತರ್ಲಿಲ್ಲೇನ್ರಾ?" ಎಂದಳು.

"ಅದಕ್ಕೆ ಇನ್ನೂ ಕೆಲ್ಸ ಅದೆ."

"ಎಂತ ಕೆಲ್ಸ? ಮೊನ್ನೆ ನಿಮ್ಮಣ್ಣ ಅದ್ರ ಮೇಲೇ ಕೂತ್ಕಂಡಿ ಚಾ ಕುಡೀತಿದ್ರು. ರಾಮಾ ಎಂತದೋ ಹೇಳ್ದ, ಇಬ್ರೂ ಹೊಟ್ಟೆ ಹಿಡ್ಕಂಡಿ ನಗ್ಯಾಡ್ದ್ರು. ನಾ ಕಣ್ಣಾರೆ ಕಂಡೆ."

"ಬೇರೆ ಯಾರನ್ನೋ ಕಂಡಿದ್ದೆ ನೀನು."

"ನಿಮ್ಮಣ್ಣನ ಬೋಳು ತಲೆ ನಂಗೆ ಗುರ್ತ ಇಲ್ವಾ? ಬಿಸ್ಲಿಗೆ ತೋಡಿನಾಚೆ ತನ್ಕ ಹೊಳೀತಿತ್ತು."

ಕಾಮಿಗೆ ಮಾತು ಜಾಸ್ತಿ. ಅವಳು ಹೇಳುವುದರಲ್ಲಿ ಅರ್ಧ ಬಿಟ್ಟು ಕೇಳಬೇಕು. ಯಾವ ಅರ್ಧ ಬಿಡಬೇಕೆಂದು ಯೋಚಿಸುತ್ತ ಬೇಕಾದ್ದಕ್ಕಿಂತ ಹೆಚ್ಚು ಬಂಗಡೆ ತೆಗೆದುಕೊಂಡೆ. ಅಣ್ಣನನ್ನು ಕೇಳಲಿಲ್ಲ. ಮಧ್ಯಾಹ್ನ ಅವನು ನಾಲ್ಕು ಹುರಿದ ಬಂಗಡೆ ತಿಂದ.

೨೪ ಸೆಪ್ಟೆಂಬರ್

ಅಣ್ಣ ಕಾರವಾರಕ್ಕೆ ಹೋಗಿ ಟಿಕೆಟು ರದ್ದು ಮಾಡಿಸಿಕೊಂಡು ಬಂದ.

"ಮೆಟ್ಲು ಇಲ್ದೆ ಹೆಂಗೆ ಹೋಗೂದು?" ಎಂದ.

"ಮತ್ತೆಂತ ಮಾಡೂದು?" ಎಂದೆ.

"ಡೊಂಬಿವಲಿ ಖೋಲಿ ಬೇರೆಯವ್ರಿಗೆ ಕೊಡು ಅಂದೇಳಿ ಫೋನ್ ಮಾಡ್ದೆ. ದೀಪಾವಳಿ ತನ್ಕ ಅವರು ಕಾಯ್ತಾರಾ?"

"ಕಾಯೂದಿಲ್ಲ" ಎಂದೆ.

ಆಮೇಲೆ ಇಬ್ಬರೂ ಜಗಲಿಯಲ್ಲಿ ಕೂತೆವು. ಅವನು ಅತ್ತಿಗೆಯ ಸುದ್ದಿ ಹೇಳಿದ. ಅವಳು ಚಳಿಗಾಲದಲ್ಲಿ ಬರ್ಫಿಗೆ ಸ್ವೆಟರ್ ಹೆಣೆಯುತ್ತಿದ್ದಳಂತೆ, ಒಂದರ ತೋಳೂ ಸಮ ಬರುತ್ತಿರಲಿಲ್ಲವಂತೆ. ಹೊತ್ತು ಮುಳುಗಿದ್ದು ತಿಳಿಯಲಿಲ್ಲ. ಒಳಗಿನಿಂದ ಬರ್ಫಿ ಒಂದು ಸಲ ಕೂಗಿದಾಗ ಗಡಬಡಿಸಿ ಎದ್ದೆ. ದೀಪಕ್ಕೆ ತಡವಾಗಿತ್ತು. ಅದನ್ನು ಎತ್ತಿ ಅದರ ಬದಿಯಲ್ಲಿ ಮಲಗಿಸಿ, ನೇರ ದೇವರ ಕೋಣೆಗೆ ಹೋಗಿ ಬತ್ತಿ ಹೊಸೆದು ದೀಪ ಹಚ್ಚಿ ಬಂದೆ. ಈಗ ಬರೆಯಲು ಕೂತರೆ ಬೆರಳಿಗೆಲ್ಲ ಬಿಳಿ ಕೂದಲು ಅಂಟಿದೆ. ಇತ್ತೀಚೆಗೆ ಬಹಳ ಉದುರುತ್ತಿದೆ. ನಾಳೆ ದನದ ಡಾಕ್ಟರಿಗೆ ತೋರಿಸಬೇಕು.